ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಮುಂಬಯಿಯಲ್ಲಿ ಮತ್ತೆ ಡ್ಯೂಟಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪರೇಲಿನ ಟಾಟಾ ಆಸ್ಪತ್ರೆಯದೋ ಬೇರೆ ಆಸ್ಪತ್ರೆಯದೋ, ಫೈಲು ಕಪಾಟು ಸೇರಿದ ವಾರವೇ ಮನೆಯಲ್ಲಿ ಮುಂದಿನ ಮಾತು ಶುರುವಾಗುತ್ತದೆ: ಡ್ಯೂಟಿಗೆ ಯಾವಾಗ? ಹೋಟೆಲಿನ ಭಟ್ಟರು, ಸಪ್ಲಾಯರುಗಳು, ಬ್ಯಾಂಕಿನವರು, ಶಾಲೆಯ ಟೀಚರುಗಳು, ಐಟಿಯವರು, ಟ್ಯಾಕ್ಸಿ ಓಡಿಸುವವರು ಹೀಗೆ ಮುಂಬಯಿ ಕನ್ನಡಿಗರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ನಿಮ್ಮ ಡಾಕ್ಟರು ಇದಕ್ಕಿಂತ ಬೇರೆ ಹೇಳಿದ್ದರೆ ಅವರ ಮಾತೇ ನಡೆಯಲಿ. ನಿಮ್ಮ ರಿಪೋರ್ಟು ನೋಡಿದವರು ಅವರು.

ಚಿಕಿತ್ಸೆ ಮುಗಿದು ಎಷ್ಟು ದಿನಕ್ಕೆ ಕೆಲಸಕ್ಕೆ ಹೋಗಬಹುದು?

ಎಲ್ಲರಿಗೂ ಒಂದೇ ಲೆಕ್ಕ ಹೊಂದುವುದಿಲ್ಲ. ಕುರ್ಚಿಯ ಕೆಲಸವೋ ಮೈಮುರಿಯುವ ಕೆಲಸವೋ, ಮನೆಯಿಂದ ಎಷ್ಟು ದೂರ, ಯಾವ ಚಿಕಿತ್ಸೆ ಎಂಬ ಮೂರನ್ನೂ ಕೂಡಿಸಿ ನೋಡಬೇಕು. ಹೊಟ್ಟೆಯ ದೊಡ್ಡ ಆಪರೇಷನ್ ಆಗಿದ್ದರೆ ಭಾರ ಎತ್ತಲು ಸಾಮಾನ್ಯವಾಗಿ 6ರಿಂದ 8 ವಾರ ಕಾಯಲು ಹೇಳುತ್ತಾರೆ. ಅವಸರಪಟ್ಟರೆ ಹೊಲಿಗೆಯ ಜಾಗದಲ್ಲಿ ಹರ್ನಿಯಾ ಬರಬಹುದು. ಊರ ಕಡೆ ಜನ ‘ಕರೆಂಟು’ ಎನ್ನುವ ರೇಡಿಯೇಷನ್ನಿನ ಸುಸ್ತು ಕೊನೆಯ ವಾರಗಳಲ್ಲಿ ಏರುತ್ತದೆ, ಮುಗಿದ ಮೇಲೂ ಕೆಲವು ವಾರ ಇಳಿಯುವುದಿಲ್ಲ. ‘ಕೊನೆಯ ಕರೆಂಟು ಶುಕ್ರವಾರ, ಸೋಮವಾರ ಹಾಜರಿ’ ಎಂದು ಲೆಕ್ಕ ಹಾಕಿದವರು ಬುಧವಾರಕ್ಕೇ ಮನೆಯಲ್ಲಿ ಮಲಗುವುದುಂಟು.

ಕೀಮೋ ನಡೆಯುತ್ತಿರುವಾಗಲೇ ಕೆಲಸ ಮಾಡುವವರೂ ಇದ್ದಾರೆ. ಅವರು ಒಂದು ಕೀಮೋದಿಂದ ಮುಂದಿನ ಕೀಮೋವರೆಗಿನ ಸುತ್ತನ್ನು (ಸಾಮಾನ್ಯವಾಗಿ 21 ದಿನ) ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಲಿ. ಹೆಚ್ಚಿನ ಔಷಧಿಗಳಲ್ಲಿ 7ರಿಂದ 14ನೆಯ ದಿನದ ನಡುವೆ ಬಿಳಿ ರಕ್ತಕಣ ತೀರಾ ಕೆಳಗಿರುತ್ತದೆ. ಆಗ ಗರ್ದಿಯ ಗಾಡಿ ಬೇಡ. ಸಾಮಾನ್ಯವಾಗಿ ಮೂರನೆಯ ವಾರ ಮೈ ಹಗುರ. ಮೀಟಿಂಗು, ಆಡಿಟ್ಟು, ಪೇಪರ್ ತಿದ್ದುವುದು ಏನಿದ್ದರೂ ಆ ವಾರಕ್ಕೆ ಇಟ್ಟುಕೊಳ್ಳಿ.

ಡಾಕ್ಟರು ‘ಫಿಟ್’ ಎಂದು ಬರೆದುಕೊಟ್ಟಿದ್ದಾರೆ. ಅಷ್ಟು ಸಾಕಲ್ಲ?

ಸಾಲದು. ನಮ್ಮ ಪ್ರಕಾರ ಹೆಚ್ಚು ಜನ ಎಡವುವುದು ಇಲ್ಲೇ. ‘ಫಿಟ್ ಟು ರಿಸ್ಯೂಮ್ ಡ್ಯೂಟಿ’ ಎಂಬ ಒಂದು ಸಾಲಿನ ಸರ್ಟಿಫಿಕೇಟು ಕೊಟ್ಟ ಕೂಡಲೇ ಆಫೀಸಿನ ಲೆಕ್ಕದಲ್ಲಿ ನೀವು ಮೊದಲಿನ ಮನುಷ್ಯರೇ. ಆಮೇಲೆ ‘ಭಾರ ಎತ್ತಲಾಗದು’ ಎಂದರೆ ಅದು ಕಾಯಿಲೆಯ ಮಾತಲ್ಲ, ಸೋಮಾರಿತನದ ಮಾತಾಗಿ ಕೇಳಿಸುತ್ತದೆ.

ಒಪಿಡಿಯ ಸಾಲಿನಲ್ಲಿ ಡಾಕ್ಟರಿಗೆ ನಿಮ್ಮ ಕೆಲಸದ ವಿವರ ಕೇಳಲು ಪುರಸೊತ್ತಿರುವುದಿಲ್ಲ. ಆದ್ದರಿಂದ ನೀವೇ ಅರ್ಧ ಹಾಳೆಯಲ್ಲಿ ಬರೆದುಕೊಂಡು ಹೋಗಿ: ದಿನಕ್ಕೆ ಎಷ್ಟು ಗಂಟೆ ನಿಲ್ಲುತ್ತೇನೆ, ಎಷ್ಟು ಕಿಲೋ ಎತ್ತುತ್ತೇನೆ, ಬೆಂಕಿ, ಧೂಳು, ಕೆಮಿಕಲ್ ಹತ್ತಿರ ಇದ್ದೇನೆಯೇ, ರಾತ್ರಿ ಪಾಳಿ ಇದೆಯೇ, ಪ್ರಯಾಣ ಎಷ್ಟು ಹೊತ್ತು. ಅದನ್ನು ನೋಡಿ ಅವರು ಬರೆದುಕೊಡುವ ಪತ್ರ ಹೆಚ್ಚುಕಮ್ಮಿ ಹೀಗಿರಬೇಕು:

‘ಇವರು ಇಂಥ ತಾರೀಕಿನಿಂದ ಕೆಲಸಕ್ಕೆ ಬರಬಹುದು. ಮೊದಲ 2 ವಾರ ದಿನಕ್ಕೆ 4 ಗಂಟೆ. ಮೊದಲ 8 ವಾರ 5 ಕಿಲೋಗಿಂತ ಹೆಚ್ಚಿನ ಭಾರ ಬೇಡ. ರಾತ್ರಿ ಪಾಳಿ 3 ತಿಂಗಳು ಬೇಡ. ಪ್ರತಿ 3 ವಾರಕ್ಕೊಮ್ಮೆ ಒಂದು ದಿನ ಆಸ್ಪತ್ರೆಗೆ ಬರಬೇಕು. ಇಂಥ ತಾರೀಕಿನಂದು ಮತ್ತೆ ಪರೀಕ್ಷಿಸಿ ಹೊಸ ಪತ್ರ ಕೊಡಲಾಗುವುದು.’

ಅಂಕಿಗಳು ಒಬ್ಬೊಬ್ಬರಿಗೆ ಒಂದೊಂದು. ಆದರೆ ಗಂಟೆ, ಕಿಲೋ, ವಾರ ಮತ್ತು ಮರುಪರೀಕ್ಷೆಯ ತಾರೀಕು ಬಿಟ್ಟುಹೋಗಬಾರದು. ಕೊನೆಯ ತಾರೀಕು ಇಲ್ಲದ ‘ಲೈಟ್ ಡ್ಯೂಟಿ’ ಕಂಡರೆ ಯಾವ ಮ್ಯಾನೇಜರೂ ಹಿಂಜರಿಯುತ್ತಾರೆ. ಎಂಟು ವಾರ ಎಂದರೆ ಒಪ್ಪುತ್ತಾರೆ. ಪತ್ರದಲ್ಲಿ ಕಾಯಿಲೆಯ ಸ್ಟೇಜು, ಬಯಾಪ್ಸಿ ರಿಪೋರ್ಟು ಯಾವುದೂ ಬೇಕಿಲ್ಲ. ಕೊಡುವ ಮೊದಲು ಎರಡು ಝೆರಾಕ್ಸ್ ತೆಗೆಸಿ, ಒಂದರ ಮೇಲೆ ‘ತಲುಪಿದೆ’ ಎಂದು ಸಹಿ, ತಾರೀಕು ಹಾಕಿಸಿಕೊಳ್ಳಿ. ಇಮೇಲ್ ಇದ್ದರೆ ಇನ್ನೂ ಒಳ್ಳೆಯದು.

ಮೊದಲ ದಿನದಿಂದಲೇ ಪೂರ್ತಿ ಡ್ಯೂಟಿ ಮಾಡಬಹುದೇ?

ಕೆಲವರಿಗೆ ಆಗುತ್ತದೆ. ಆದರೂ ಮೆಟ್ಟಿಲು ಹತ್ತಿದ ಹಾಗೆ ಹೋಗುವುದು ಮೇಲು. ಮೊದಲೆರಡು ವಾರ ದಿನ ಬಿಟ್ಟು ದಿನ 4 ಗಂಟೆ, ಆಮೇಲೆ ಎರಡು ವಾರ ದಿನವೂ 4 ಗಂಟೆ, ಮುಂದಿನೆರಡು ವಾರ 6 ಗಂಟೆ, ಅದಾದ ಮೇಲೆ ಪೂರ್ತಿ. ಸೋಮವಾರ ಸೇರಬೇಡಿ, ಬುಧವಾರವೋ ಗುರುವಾರವೋ ಸೇರಿ. ದಣಿಯುವ ಹೊತ್ತಿಗೆ ಭಾನುವಾರ ಬಂದಿರುತ್ತದೆ. ಅರ್ಧ ದಿನಕ್ಕೆ ಅರ್ಧ ಸಂಬಳವೋ, ಉಳಿದದ್ದು ರಜೆಯ ಖಾತೆಗೋ ಎಂಬುದು ಸೇರುವ ಮೊದಲೇ ಇತ್ಯರ್ಥವಾಗಲಿ, ತಿಂಗಳ ಕೊನೆಗೆ ಜಗಳ ಬೇಡ.

ಕೆಲಸ ಮಾಡಬಲ್ಲೆ, ಆದರೆ ಲೋಕಲ್ ಹತ್ತಲು ಭಯ. ಏನು ಮಾಡಲಿ?

ಭಯ ಸರಿಯಾದದ್ದೇ. ಡೊಂಬಿವಲಿಯಿಂದಲೋ ವಸಾಯಿಯಿಂದಲೋ ಬರುವವರಿಗೆ ಆಫೀಸಿನ ಎಂಟು ಗಂಟೆಗಿಂತ ಗಾಡಿಯ ಒಂದೂಕಾಲು ಗಂಟೆ ದೊಡ್ಡದು. ಹಾಗಾಗಿ ಈ ಊರಿನಲ್ಲಿ ಪ್ಲಾನು ಪ್ರಯಾಣದಿಂದಲೇ ಶುರುವಾಗಬೇಕು.

ಮುಂಬಯಿ ಲೋಕಲ್‌ಗಳಲ್ಲಿ ಅಂಗವಿಕಲರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಅವಕಾಶವಿದೆ. ಪ್ಲಾಟ್‌ಫಾರ್ಮಿನಲ್ಲಿ ಅದು ನಿಲ್ಲುವ ಜಾಗಕ್ಕೆ ಗಾಲಿಕುರ್ಚಿಯ ಚಿತ್ರ ಗುರುತು. ಮಾಮೂಲಿ ಪಾಸು ಅಥವಾ ಟಿಕೇಟು ಇದ್ದೇ ಇರಬೇಕು. ಜೊತೆಗೆ ಆಸ್ಪತ್ರೆಯ ಸರ್ಟಿಫಿಕೇಟು, ಫೋಟೋ ಇರುವ ಗುರುತಿನ ಚೀಟಿ ಕೈಗೆಟಕುವಂತಿರಲಿ. ತಲೆಗೂದಲು ಮತ್ತೆ ಬಂದ ಮೇಲೆ ನೋಡುವವರಿಗೆ ನೀವು ಆರೋಗ್ಯವಂತರಂತೆ ಕಾಣುತ್ತೀರಿ. ಡಬ್ಬಿಯಲ್ಲಿದ್ದವರು ಗದರಿಸಿಯಾರು, ಟಿಸಿ ಕೇಳಿಯಾರು. ವಾದ ಮಾಡುವ ಬದಲು ಕಾಗದ ತೋರಿಸಿ. ಅದನ್ನು ಲ್ಯಾಮಿನೇಟ್ ಮಾಡಿಸುವುದಿದ್ದರೆ ಝೆರಾಕ್ಸಿಗೆ ಮಾಡಿಸಿ, ಮೂಲಕ್ಕೆ ಬೇಡ. ಮುಂದೆ ಅದರ ಮೇಲೆ ಸಹಿ, ಸಿಕ್ಕ ಬೇಕಾದರೆ ಕಷ್ಟ.

ಸೇರುವ ಎರಡು ವಾರ ಮೊದಲು ರಿಹರ್ಸಲ್ ಮಾಡಿ. ಮೊದಲ ವಾರ ಡ್ಯೂಟಿಯ ಹೊತ್ತಿಗೇ ಎದ್ದು, ಸ್ನಾನ ತಿಂಡಿ ಮುಗಿಸಿ, ಸ್ಟೇಷನ್‌ವರೆಗೆ ನಡೆದು ವಾಪಸು. ಎರಡನೆಯ ವಾರ ಮಧ್ಯಾಹ್ನ 12ರ ಖಾಲಿ ಗಾಡಿಯಲ್ಲಿ ಆಫೀಸಿನ ಸ್ಟೇಷನ್ನಿಗೆ ಹೋಗಿ, ಬ್ರಿಜ್ಜಿನ ಮೆಟ್ಟಿಲು ಹತ್ತಿ ಇಳಿದು ಬನ್ನಿ. ಆಮೇಲೆ ಒಂದು ದಿನ ನಿಜವಾದ ಗರ್ದಿಯಲ್ಲಿ. ಬ್ರಿಜ್ಜಿನ ನಡುವೆ ಎರಡು ಸಲ ನಿಲ್ಲಬೇಕಾಯಿತೇ? ಹಾಗಾದರೆ ಇನ್ನೊಂದು ವಾರ ಕಾಯಿರಿ.

ಆಫೀಸಿನವರ ಹತ್ತಿರ ಕೇಳಬೇಕಾದ ಮೊದಲ ಸವಲತ್ತು ಹಣದ್ದಲ್ಲ, ಹೊತ್ತಿನದು: 9ರ ಬದಲು 11ಕ್ಕೆ ಬಂದು, ಸಂಜೆಯ ಗರ್ದಿಗೆ ಮೊದಲು ಹೊರಡುವುದು. ಹಣ ಖರ್ಚಾಗದ ಕೋರಿಕೆಗೆ ಬೇಗ ಹ್ಞೂಂ ಎನ್ನುತ್ತಾರೆ. ದಾರಿ ಹೊಂದುವವರಿಗೆ ಆರೆ–ಕಫ್ ಪರೇಡ್ ಮೆಟ್ರೊದಂಥ ಲಿಫ್ಟು ಇರುವ ಮಾರ್ಗ ಸುಲಭ.

ಚಿಕಿತ್ಸೆಗೋ ತಪಾಸಣೆಗೋ ಊರಿಂದ ಬರುವವರಿಗೆ ದೂರದ ರೈಲಿನಲ್ಲಿ ರಿಯಾಯಿತಿ ಬೇರೆ ಇದೆ. ಸ್ಲೀಪರ್ ಮತ್ತು ತ್ರೀ ಎಸಿಯಲ್ಲಿ ರೋಗಿಗೆ ಪೂರ್ತಿ ಮಾಫಿ, ಜೊತೆಯ ಒಬ್ಬರಿಗೆ 75 ಶೇಕಡಾ. ಆಸ್ಪತ್ರೆಯಲ್ಲಿ ರೈಲ್ವೆಯ ನಮೂನೆಯನ್ನೇ ತುಂಬಿಸಿಕೊಳ್ಳಬೇಕು. ಈ ರಿಯಾಯಿತಿ ಡ್ಯೂಟಿಗೆ ಹೋಗಲು ಅಲ್ಲ.

ರಾತ್ರಿ ನಿದ್ದೆ ಬಂದರೂ ಸುಸ್ತು ಹೋಗುವುದಿಲ್ಲ. ಯಾಕೆ?

ಇದು ಮಾಮೂಲಿ ದಣಿವಲ್ಲ, ಮಲಗಿದರೆ ತೀರುವುದಿಲ್ಲ. ಮೊದಲು ರಿಪೇರಿಯಾಗುವ ಕಾರಣಗಳನ್ನು ಹುಡುಕಿಸಿ: ಹಿಮೋಗ್ಲೋಬಿನ್, ಸಕ್ಕರೆ, ಕುತ್ತಿಗೆಗೆ ರೇಡಿಯೇಷನ್ ಆಗಿದ್ದರೆ ಟಿಎಸ್‌ಎಚ್ (ಥೈರಾಯ್ಡಿನ ರಕ್ತಪರೀಕ್ಷೆ), ನೋವು, ಮನಸ್ಸಿನ ಕುಗ್ಗು. ಥೈರಾಯ್ಡ್ ಇಳಿದು ಹೋಗುವುದು ಚಿಕಿತ್ಸೆ ಮುಗಿದು ತಿಂಗಳು, ವರ್ಷಗಳ ಮೇಲೂ ಆಗುತ್ತದೆ. ಎಷ್ಟೋ ಜನ ಅದನ್ನು ‘ಕೀಮೋ ಸುಸ್ತು’ ಎಂದುಕೊಂಡು ಸುಮ್ಮನಿರುತ್ತಾರೆ.

ಎಲ್ಲ ಸರಿ ಇದ್ದರೆ ಮದ್ದು ನಡಿಗೆ. ಕೇಳಲು ಉಲ್ಟಾ ಅನ್ನಿಸಿದರೂ ಇಷ್ಟು ಕೆಲಸ ಮಾಡುವ ಉಪಾಯ ಇನ್ನೊಂದಿಲ್ಲ. 10 ನಿಮಿಷದಿಂದ ಶುರುಮಾಡಿ, ವಾರಕ್ಕೆ 5 ದಿನ 30 ನಿಮಿಷಕ್ಕೆ ಬನ್ನಿ. ಡ್ಯೂಟಿಯಲ್ಲಿ ತಲೆ ಓಡುವ ಕೆಲಸವನ್ನು ನಿಮಗೆ ಮೈ ಹಗುರ ಇರುವ ಹೊತ್ತಿಗೆ ಇಟ್ಟುಕೊಳ್ಳಿ. ಮಧ್ಯಾಹ್ನದ ಕಣ್ಣುಮುಚ್ಚು 20–30 ನಿಮಿಷ ಮೀರದಿರಲಿ.

ಕೀಮೋದಿಂದ ಕೈಕಾಲು ಜೋಮು ಹಿಡಿದಿದೆ. ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ. ಹೋಗಬಹುದೇ?

ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್, ಸಿಸ್‌ಪ್ಲಾಟಿನ್, ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧಿ ಪಡೆದವರಲ್ಲಿ ಇದು ಸಾಮಾನ್ಯ. ಬೆರಳ ತುದಿಯಿಂದ ಶುರುವಾಗಿ ಮೇಲೇರುತ್ತದೆ, ಕೈಗವಸು, ಕಾಲುಚೀಲ ಹಾಕಿಕೊಂಡ ಹಾಗೆ. ಆಕ್ಸಾಲಿಪ್ಲಾಟಿನ್ ನಿಲ್ಲಿಸಿದ ಮೇಲೂ ಎರಡು ಮೂರು ತಿಂಗಳು ಜೋಮು ಹೆಚ್ಚುವುದುಂಟು. ‘ಚಿಕಿತ್ಸೆ ಮುಗಿದರೂ ಹೆಚ್ಚುತ್ತಿದೆ’ ಎಂದು ಗಾಬರಿಯಾಗಬೇಡಿ, ಆದರೆ ಡಾಕ್ಟರಿಗೆ ತಿಳಿಸಿ.

ಅಡುಗೆಮನೆಯಲ್ಲಿ ಅಪಾಯ ಎಲ್ಲಿದೆ ನೋಡಿ. ದೋಸೆ ಕಾವಲಿಯ ಮುಂದೆ ನಿಂತ ಭಟ್ಟರ ಕೈ ಬಿಸಿ ತಾಗಿದ ಕ್ಷಣವೇ ತಾನಾಗಿ ಹಿಂದೆ ಸರಿಯುತ್ತದೆ. ಬಿಸಿ ತಾಗಿತೆಂದು ತಲೆಗೆ ಗೊತ್ತಾಗುವ ಮೊದಲೇ. ಜೋಮು ಹಿಡಿದ ಬೆರಳು ಹಾಗೆ ಸರಿಯುವುದಿಲ್ಲ. ಕಾವಲಿಯ ಅಂಚಿಗೆ ತಾಗಿಯೇ ಇರುತ್ತದೆ, ಬೊಬ್ಬೆ ಕಾಣುವುದು ರಾತ್ರಿ ಕೈ ತೊಳೆಯುವಾಗ. ಈರುಳ್ಳಿ ಹೆಚ್ಚುವ ಚಾಕು, ತೆಂಗಿನಕಾಯಿ ತುರಿಯುವ ಯಂತ್ರ, ರುಬ್ಬುವ ಗ್ರೈಂಡರು ಎಲ್ಲದಕ್ಕೂ ಇದೇ ಮಾತು. ಕೆಳಗೆ ನೆಲ ಒದ್ದೆ, ಕಾಲಲ್ಲಿ ಹವಾಯಿ ಚಪ್ಪಲಿ. ಪಾದಕ್ಕೆ ನೆಲ ತಿಳಿಯದಿದ್ದರೆ ಚಪ್ಪಲಿ ಕಳಚಿದ್ದೂ ಗೊತ್ತಾಗುವುದಿಲ್ಲ. ಹಿಮ್ಮಡಿಗೆ ಪಟ್ಟಿ ಇರುವ, ಮುಂದೆ ಮುಚ್ಚಿದ, ಜಾರದ ಅಟ್ಟೆಯ ಪಾದರಕ್ಷೆ ಹಾಕಿ. ದಿನಾ ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿ. ಬಿಸಿನೀರನ್ನು ಬೆರಳಿನಿಂದಲ್ಲ, ಮೊಣಕೈಯಿಂದ ಪರೀಕ್ಷಿಸಿ. ಆಕ್ಸಾಲಿಪ್ಲಾಟಿನ್ ಆದವರು ಸ್ವಲ್ಪ ಕಾಲ ಫ್ರಿಜ್ಜಿಗೆ ಬರಿಗೈ ಹಾಕಬಾರದು, ಐಸ್ ನೀರು ಕುಡಿಯಬಾರದು, ಎಸಿಯ ಗಾಳಿಗೆ ಎದುರು ಕೂರಬಾರದು.

ಶೇಟ್ರ ಹತ್ತಿರ ಮಾತಾಡಿ ಕೆಲವು ತಿಂಗಳು ಗಲ್ಲಾದಲ್ಲೋ ಪಾರ್ಸೆಲ್ ಕೌಂಟರಿನಲ್ಲೋ ಕೂರುವುದು ಒಳ್ಳೆಯ ದಾರಿ. ಅಲ್ಲೂ ಒಂದು ತೊಡಕಿದೆ: ಜೋಮಿನ ಬೆರಳಿಗೆ ಎರಡು ನೋಟು ಒಂದೇ ಎನಿಸುತ್ತವೆ, ರಾತ್ರಿ ಲೆಕ್ಕ ತಪ್ಪುತ್ತದೆ. ಬ್ಯಾಂಕಿನವರು ಬಳಸುವ ಒದ್ದೆ ಸ್ಪಂಜೋ ರಬ್ಬರಿನ ಬೆರಳ ಟೊಪ್ಪಿಯೋ ಇಟ್ಟುಕೊಳ್ಳಿ, ನೋಟನ್ನು ಮೇಜಿನ ಮೇಲೆ ಒಂದೊಂದಾಗಿ ಹಾಸಿ ಎಣಿಸಿ.

ಅಂಗಡಿಯಿಂದ ವಿಟಮಿನ್ ಬಿ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವ ಚಾಳಿ ಬಿಡಿ. ಬಿ6 ಹೆಚ್ಚಾದರೆ ಅದೇ ನರಗಳನ್ನು ಕೆಡಿಸುತ್ತದೆ. ನೋವು, ಉರಿ ಜಾಸ್ತಿ ಇದ್ದರೆ ಡುಲೋಕ್ಸೆಟಿನ್ ಎಂಬ ಮಾತ್ರೆ ಹೊಂದುತ್ತದೆಯೇ ಎಂದು ಡಾಕ್ಟರನ್ನೇ ಕೇಳಿ. ಟ್ಯಾಕ್ಸಿ, ರಿಕ್ಷಾ ಓಡಿಸುವವರು ಬ್ರೇಕ್ ಪೆಡಲ್ ಕಾಲಿಗೆ ಸರಿಯಾಗಿ ತಿಳಿಯುವ ತನಕ ಓಡಿಸಲೇಬಾರದು. ಮೂರ್ಛೆ ಬಂದಿದ್ದರೆ ಅಥವಾ ಮಾರ್ಫಿನ್ ಶುರುವಾಗಿದ್ದರೆ ಡಾಕ್ಟರು ಬರೆದುಕೊಡುವ ತನಕ ಸ್ಟಿಯರಿಂಗ್ ಮುಟ್ಟಬೇಡಿ.

ಸ್ತನದ ಆಪರೇಷನ್ನಿನಲ್ಲಿ ಕಂಕುಳ ಗಂಟುಗಳನ್ನೂ (ದುಗ್ಧಗ್ರಂಥಿ) ತೆಗೆದಿದ್ದಾರೆ. ಆ ಕೈಯಿಂದ ಎಷ್ಟು ಕೆಲಸ ಮಾಡಬಹುದು?

ಕೈಯನ್ನು ಕಟ್ಟಿಹಾಕಿದ ಹಾಗೆ ಇಟ್ಟರೆ ಭುಜ ಬಿಗಿಯುತ್ತದೆ, ಒಮ್ಮೆಲೇ ದುಡಿಸಿದರೆ ಬಾವು ಬರಬಹುದು. ಭಾರವನ್ನು ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ಲ್ಯಾಪ್‌ಟಾಪ್ ಬ್ಯಾಗು, ಪರ್ಸು, ಟಿಫಿನ್ ಚೀಲ ಇನ್ನೊಂದು ಹೆಗಲಿಗೆ. ಗಾಡಿಯಲ್ಲಿ ಮೇಲಿನ ಹಿಡಿಕೆಗೆ ಆ ಕೈಯಿಂದ ಜೋತುಬೀಳಬೇಡಿ. ಬ್ರೇಕಿನ ಒಂದು ಜಗ್ಗು ಸಾಕು.

ಮನೆಯಲ್ಲಿ ಟೈಲರ್ ಟೇಪು ಇಟ್ಟುಕೊಳ್ಳಿ. ಮೊಣಕೈಯಿಂದ 10 ಸೆಂಟಿಮೀಟರ್ ಮೇಲೆ, 10 ಕೆಳಗೆ ಎರಡೂ ಕೈಗಳ ಸುತ್ತಳತೆ ತಿಂಗಳಿಗೊಮ್ಮೆ ಬರೆದಿಡಿ. ಮೊದಲಿನ ಅಳತೆಗಿಂತ ಎರಡು ಕೈಗಳ ವ್ಯತ್ಯಾಸ 2 ಸೆಂಟಿಮೀಟರ್ ಬೆಳೆದರೆ, ಇಲ್ಲವೇ ಬಳೆ, ಉಂಗುರ ಬಿಗಿಯಾದರೆ ಫಿಸಿಯೊ ವಿಭಾಗಕ್ಕೆ ಹೋಗಿ. ಬಾವಿಗೆ ಹಾಕುವ ಬಿಗಿ ತೋಳುಚೀಲ (ಸ್ಲೀವ್) ಅಳತೆ ಕೊಟ್ಟು ಕೊಂಡದ್ದಾದರೆ ಮಾತ್ರ ಕೆಲಸಕ್ಕೆ ಬರುತ್ತದೆ, ಅಂದಾಜಿನಲ್ಲಿ ಕೊಂಡದ್ದು ಮೇಲೆ ಬಿಗಿದು ಬೆರಳು ಊದಿಸುತ್ತದೆ. ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆ.

ಬಾಯಿಯ ಚಿಕಿತ್ಸೆಯ ಮೇಲೆ ಮಾತು ತೊದಲುತ್ತದೆ, ಬಾಯಿ ತೆರೆಯುವುದಿಲ್ಲ. ಗಿರಾಕಿಗಳ ಜೊತೆ ಮಾತಾಡುವ ಕೆಲಸ ನನ್ನದು.

ನಿಮ್ಮ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಹೋಗಬೇಕು. ಅಳತೆಯಲ್ಲಿ 35 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ವ್ಯಾಯಾಮ ಬೇಕು. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟು, ಬಿಗಿತ ತಿಳಿಯುವಷ್ಟಕ್ಕೆ ನಿಲ್ಲಿಸಿ 30 ಸೆಕೆಂಡು. ದಿನಕ್ಕೆ 4–5 ಸಲ. ಆರಾಮವಾದಂತೆ ಒಂದು ಕಡ್ಡಿ ಸೇರಿಸಿ. ಬಿಟ್ಟುಬಿಟ್ಟರೆ ಗಳಿಸಿದ್ದೂ ಹೋಗುತ್ತದೆ. ದವಡೆಗೆ ರೇಡಿಯೇಷನ್ ಆದವರು ಗಲ್ಲಿಯ ದಂತವೈದ್ಯರ ಹತ್ತಿರ ಹಲ್ಲು ಕೀಳಿಸಬೇಡಿ, ಮೂಳೆ ಕೊಳೆಯುವ ಅಪಾಯವಿದೆ. ಮೊದಲು ಕ್ಯಾನ್ಸರ್ ಡಾಕ್ಟರನ್ನು ಕೇಳಿ.

ಫೋನಿನ ಕೆಲಸದ ಬದಲು ಮೆಸೇಜು, ಇಮೇಲಿನ ಕೆಲಸ ಕೇಳಿಕೊಳ್ಳಿ. ಬಾಯಿ ಒಣಗುವುದಕ್ಕೆ ನೀರಿನ ಬಾಟಲಿ ಮೇಜಿನ ಮೇಲಿರಲಿ. ಇನ್ನು ಡ್ಯೂಟಿ ಮುಗಿದ ಮೇಲೆ ಹಳೆಯ ಗೆಳೆಯರು ಮಾವಾ, ಗುಟ್ಕಾ ಮುಂದೆ ಚಾಚುವ ಆ ಪಾನ್ ಅಂಗಡಿಯ ದಾರಿ ಬದಲಿಸಿ.

ಹೊಟ್ಟೆಗೆ ಸ್ಟೋಮಾ (ಮಲ ಹೊರಬರಲು ಹೊಟ್ಟೆಯ ಮೇಲೆ ಮಾಡಿದ ದ್ವಾರ) ಚೀಲ ಇದೆ. ಎಂಟು ಗಂಟೆ ಹೊರಗೆ ಹೇಗೆ?

ಚೀಲ ಮೂರನೆಯ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ. ಪೂರ್ತಿ ತುಂಬಲು ಬಿಟ್ಟರೆ ಭಾರಕ್ಕೆ ಅಂಟು ಬಿಡುತ್ತದೆ. ಸೋರುವುದಕ್ಕೆ ಇನ್ನೊಂದು ಕಾರಣ ಚೀಲದ ರಂಧ್ರದ ಅಳತೆ: ಸ್ಟೋಮಾಕ್ಕಿಂತ 2–3 ಮಿಲಿಮೀಟರ್ ಮಾತ್ರ ದೊಡ್ಡದಾಗಿ ಕತ್ತರಿಸಬೇಕು. ಮೊದಲ 6–8 ವಾರ ಸ್ಟೋಮಾ ಕುಗ್ಗುತ್ತಾ ಹೋಗುತ್ತದೆ, ಹಳೆಯ ಅಳತೆಗೇ ಕತ್ತರಿಸುತ್ತಿದ್ದರೆ ಸುತ್ತಲಿನ ಚರ್ಮ ಸುಡುತ್ತದೆ. ಬ್ಯಾಗಿನಲ್ಲಿ ಮೊದಲೇ ಕತ್ತರಿಸಿದ ಒಂದು ಚೀಲ, ಟಿಶ್ಯೂ, ಸಣ್ಣ ನೀರಿನ ಬಾಟಲಿ, ಕಪ್ಪು ಪ್ಲಾಸ್ಟಿಕ್ ಕವರು, ಒಂದು ಒಳಉಡುಪು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬದಲಿ ಚೀಲ ಬಿಡಬೇಡಿ, ಅಂಟು ಕೆಡುತ್ತದೆ. ಮನೆಯಿಂದ ಆಫೀಸಿನವರೆಗೆ ನೀರು ಬರುವ ಶೌಚಾಲಯ ಎಲ್ಲೆಲ್ಲಿದೆ ಎಂದು ರಿಹರ್ಸಲ್ ದಿನವೇ ನೋಡಿಕೊಳ್ಳಿ. ಸಣ್ಣ ಕರುಳಿನ ಸ್ಟೋಮಾ ಇದ್ದು ಬೆಂಕಿಯ ಮುಂದೆ ಕೆಲಸವಾದರೆ ಮೈಯ ನೀರು ಬೇಗ ಹೋಗುತ್ತದೆ. ಒಆರ್‌ಎಸ್ ಬೇಕೇ ಬೇಕು.

ಹೆಸರು, ಅಂಕಿ ಮರೆಯುತ್ತವೆ. ತಲೆ ಕೆಟ್ಟಿತೇ?

ಇಲ್ಲ. ಕೀಮೋದ ಮೇಲೆ ಹಲವರಿಗೆ ಹೀಗಾಗುತ್ತದೆ, ಹೆಚ್ಚಿನವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ. ಒಂದು ಹೊತ್ತಿಗೆ ಒಂದೇ ಕೆಲಸ, ಒಂದೇ ಡೈರಿ, ಬಾಯಿಮಾತಿನ ಸೂಚನೆಗೆ ಒಂದು ಮೆಸೇಜು. ತಲೆನೋವು, ವಾಂತಿ, ಒಂದು ಬದಿಯ ಬಲಹೀನತೆ ಜೊತೆಗಿದ್ದರೆ ಮಾತ್ರ ಕಾಯಬೇಡಿ.

ಕಾಯಿಲೆಯ ವಿಷಯ ಯಾರಿಗೆ ಹೇಳಬೇಕು?

ರಜೆ ಮತ್ತು ಡ್ಯೂಟಿಯ ಹೊತ್ತು ಮಂಜೂರು ಮಾಡುವವರಿಗೆ, ಮೇಲೆ ಹೇಳಿದ ಪತ್ರದಲ್ಲಿರುವಷ್ಟು. ಉಳಿದವರಿಗೆ ಹೇಳುವುದು ನಿಮ್ಮ ಇಷ್ಟ. ಪಕ್ಕದ ಟೇಬಲಿನ ಒಬ್ಬರಿಗಾದರೂ ಗೊತ್ತಿರಲಿ, ತಲೆಸುತ್ತು ಬಂದ ದಿನ ಮನೆಗೆ ಫೋನು ಮಾಡಲು.

ಟಿಫಿನ್ ಹಂಚಿಕೊಂಡರೆ ಅಂಟುತ್ತದೆ ಎಂದು ದೂರ ಕೂರುತ್ತಾರೆ.

ಕ್ಯಾನ್ಸರ್ ಅಂಟುವುದಿಲ್ಲ. ಹೊರಗಿನ ಯಂತ್ರದಿಂದ ಕೊಟ್ಟ ರೇಡಿಯೇಷನ್ ಮೈಯಲ್ಲಿ ಉಳಿಯುವುದೂ ಇಲ್ಲ. ಥೈರಾಯ್ಡಿಗೆ ರೇಡಿಯೊ ಅಯೋಡಿನ್ ಕುಡಿದವರು ಮಾತ್ರ ಆಸ್ಪತ್ರೆ ಬರೆದುಕೊಟ್ಟಷ್ಟು ದಿನ ಬಸುರಿಯರು, ಮಕ್ಕಳಿಂದ ದೂರವಿದ್ದು ಆಮೇಲೆ ಕೆಲಸಕ್ಕೆ ಹೋಗಬೇಕು.

ರಜೆ ಮುಗಿದಿದೆ. ಸಂಬಳ ಎಲ್ಲಿಂದ?

ಸಂಬಳದ ಸ್ಲಿಪ್ ತೆಗೆದು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಇದೆಯೇ ನೋಡಿ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರು ಅದರಲ್ಲಿ ಬರುತ್ತಾರೆ, ಹೋಟೆಲ್ ಕಾರ್ಮಿಕರಲ್ಲಿ ಇಂಥವರು ಬಹಳ. ಮಾಮೂಲಿ ಕಾಯಿಲೆಗೆ ವರ್ಷಕ್ಕೆ 91 ದಿನದವರೆಗೆ ಕೂಲಿಯ 70 ಶೇಕಡಾ ಸಿಗುತ್ತದೆ. ಕ್ಯಾನ್ಸರ್ ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿದೆ. ಎರಡು ವರ್ಷ ವಿಮೆಯಲ್ಲಿದ್ದು, ನಾಲ್ಕು ವಂತಿಗೆ ಅವಧಿಗಳಲ್ಲಿ (ಆರಾರು ತಿಂಗಳಿನವು) 156 ದಿನದ ವಂತಿಗೆ ಇದ್ದರೆ 80 ಶೇಕಡಾ, ಎರಡು ವರ್ಷದವರೆಗೆ. ಸರ್ಟಿಫಿಕೇಟು ಇಎಸ್‌ಐ ಡಾಕ್ಟರದ್ದೇ ಬೇಕು, ನಡುವೆ ದಿನ ಬಿಟ್ಟುಹೋಗಬಾರದು. ಈ ಕಾಯಿಲೆಯ ಹಣ ಪಡೆಯುತ್ತಿರುವಾಗ ಮಾಲಿಕರು ಕೆಲಸದಿಂದ ತೆಗೆಯುವಂತಿಲ್ಲ ಎಂದು ಇಎಸ್‌ಐ ಕಾಯ್ದೆಯ 73ನೆಯ ಕಲಮು ಹೇಳುತ್ತಿತ್ತು. ನಿಮ್ಮ ಪತ್ರವ್ಯವಹಾರದಲ್ಲಿ ಈಗ ಜಾರಿಯಲ್ಲಿರುವ ಕಲಮು ಯಾವುದೆಂದು ಇಎಸ್‌ಐ ಶಾಖೆಯಲ್ಲೇ ಕೇಳಿ ಬರೆಯಿರಿ.

ಇಎಸ್‌ಐ ಇಲ್ಲದವರು ನೇಮಕದ ಪತ್ರ ತೆಗೆದು ಓದಿ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲಿ ವರ್ಷಕ್ಕೆ 8 ದಿನ ಕ್ಯಾಶುವಲ್ ರಜೆ, 240 ದಿನ ದುಡಿದವರಿಗೆ 20 ದಿನಕ್ಕೊಂದರಂತೆ ಗಳಿಕೆ ರಜೆ, ಅದು 45 ದಿನದವರೆಗೆ ಕೂಡಿಡಬಹುದು. ಕ್ಯಾನ್ಸರಿಗೆ ಅದು ಯಾವ ಮೂಲೆಗೂ ಸಾಲದು. ಪಿಎಫ್‌ನಿಂದ ಕಾಯಿಲೆಗೆಂದು ಮುಂಗಡ ತೆಗೆಯಲು ಬರುತ್ತದೆ. ಕೆವೈಸಿ, ಬ್ಯಾಂಕ್ ಖಾತೆಯ ಹೆಸರು ಒಂದಕ್ಕೊಂದು ಹೊಂದದಿದ್ದರೆ ಅರ್ಜಿ ವಾಪಸು ಬರುತ್ತದೆ.

ಮೈ ಸೋತಿರುವಾಗ ರಾಜೀನಾಮೆಗೆ ಸಹಿ ಹಾಕಬೇಡಿ. ‘ಗುಣವಾಗಿ ಬಾ, ಮತ್ತೆ ತೆಗೆದುಕೊಳ್ಳೋಣ’ ಎಂಬ ಮಾತಿನಲ್ಲಿ ಪ್ರೀತಿ ಇರಬಹುದು, ಕಾಗದ ಇರುವುದಿಲ್ಲ. ಸಂಬಳವಿಲ್ಲದ ರಜೆಯನ್ನು ಬರವಣಿಗೆಯಲ್ಲಿ ಕೇಳಿ.

ಅಂಗವಿಕಲರ ಕಾಯ್ದೆಯಲ್ಲಿ ರಕ್ಷಣೆ ಇದೆಯೇ?

2016ರ ಕಾಯ್ದೆಯ 21 ವಿಧಗಳಲ್ಲಿ ಕ್ಯಾನ್ಸರಿನ ಹೆಸರಿಲ್ಲ. ಆದರೆ ಅದರಿಂದ ಆದ ನ್ಯೂನತೆ ಇರಬಹುದು: ಕಾಲು ತೆಗೆದದ್ದು, ಧ್ವನಿಪೆಟ್ಟಿಗೆ ತೆಗೆದು ಮಾತು ಹೋದದ್ದು. ಅಂಥವರು ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ಅರ್ಜಿ ಹಾಕಿ. ಸರಕಾರಿ ನೌಕರಿಯಲ್ಲಿರುವಾಗ ಅಂಗವೈಕಲ್ಯ ಬಂದರೆ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಅದೇ ಸಂಬಳದ ಬೇರೆ ಹುದ್ದೆಗೆ ಹಾಕಬೇಕು ಎನ್ನುತ್ತದೆ 20ನೆಯ ಕಲಮು. ಖಾಸಗಿಯವರಿಗೆ ಅಷ್ಟು ಗಟ್ಟಿ ಆಸರೆ ಇಲ್ಲ.

ಕಂಪನಿ ಬದಲಿಸಿದರೆ ಮೆಡಿಕ್ಲೇಮ್?

ಬಿಡುವ ಮೊದಲೇ ಕಂಪನಿಯ ಗುಂಪು ಪಾಲಿಸಿಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಬರೆದು ಕೇಳಿ. ಹೊಸದಾಗಿ ಕೊಳ್ಳುವುದಾದರೆ ಮೊದಲಿದ್ದ ಕಾಯಿಲೆಗೆ ಕಾಯುವ ಅವಧಿ ಈಗ ಹೆಚ್ಚೆಂದರೆ 36 ತಿಂಗಳು. ಅರ್ಜಿಯಲ್ಲಿ ಕ್ಯಾನ್ಸರನ್ನು ಮುಚ್ಚಿಟ್ಟರೆ ಕ್ಲೇಮಿನ ದಿನ ಪಾಲಿಸಿಯೇ ರದ್ದಾದೀತು. ಹೊಸ ನೌಕರಿಯ ಮೆಡಿಕಲ್ ಫಾರ್ಮಿಗೂ ಇದೇ ನಿಯಮ: ಕೇಳಿದ್ದಕ್ಕೆ ನಿಜ ಬರೆಯಿರಿ, ಕೇಳದ್ದನ್ನು ಹೇಳಬೇಕಿಲ್ಲ. ಇಂಟರ್‌ವ್ಯೂನಲ್ಲಿ ಖಾಲಿ ವರ್ಷದ ಬಗ್ಗೆ ಕೇಳಿದರೆ ‘ಆರೋಗ್ಯದ ಕಾರಣಕ್ಕೆ ರಜೆಯಲ್ಲಿದ್ದೆ, ಈಗ ಕೆಲಸಕ್ಕೆ ಡಾಕ್ಟರ ಒಪ್ಪಿಗೆ ಇದೆ’ ಎಂಬ ಒಂದು ವಾಕ್ಯ ಹೇಳಿ ಕೆಲಸದ ಮಾತಿಗೆ ಬನ್ನಿ.

ಮಳೆಗಾಲದಲ್ಲಿ ಏನು ಜಾಗ್ರತೆ?

ಹಿಂದಮಾತಾದಲ್ಲೋ ಸಾಯನ್‌ನಲ್ಲೋ ನೀರು ನಿಂತ ದಿನ ರಜೆ ಹಾಕಿ. ಜೋಮಿನ ಪಾದದಲ್ಲಿ ಗಾಯವಾದದ್ದು ತಿಳಿಯದೆ ಕೊಳೆನೀರಿಗೆ ಇಳಿದರೆ ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಭಯ. ಇಳಿಯಲೇಬೇಕಾಗಿ ಬಂದರೆ ಸೋಪು ಹಾಕಿ ತೊಳೆದು, ಮರುದಿನವೇ ಡಾಕ್ಟರನ್ನು ಕಂಡು ಮುನ್ನೆಚ್ಚರಿಕೆಯ ಮಾತ್ರೆ ಬೇಕೇ ಎಂದು ಕೇಳಿ. ತೋಳಿನಲ್ಲಿ ಪಿಕ್ ಲೈನ್ (ಔಷಧಿ ಕೊಡಲು ರಕ್ತನಾಳದಲ್ಲಿ ಇಟ್ಟ ತೆಳು ನಳಿಕೆ) ಇದ್ದವರ ಪಟ್ಟಿ ಒದ್ದೆಯಾದರೆ ವಾರದ ಡ್ರೆಸಿಂಗಿಗೆ ಕಾಯದೆ ಅಂದೇ ಬದಲಿಸಬೇಕು.

ಡ್ಯೂಟಿಯ ನಡುವೆ ಜ್ವರ ಬಂದರೆ?

ಕೀಮೋ ನಡೆಯುತ್ತಿದ್ದರೆ ಅಥವಾ ಕೊನೆಯ ಕೀಮೋ ಆಗಿ ಕೆಲವೇ ವಾರವಾಗಿದ್ದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಎಂಬುದು ಗೆರೆ. ಆ ಗೆರೆ ಮುಟ್ಟಿದರೆ ಪಾಳಿ ಮುಗಿಯಲಿ ಎಂದು ಕಾಯುವಂತಿಲ್ಲ, ಕೂಡಲೇ ಆಸ್ಪತ್ರೆ. ಪ್ಯಾರಾಸಿಟಮಾಲ್ ನುಂಗಿ ಜ್ವರ ಇಳಿಸಿಕೊಂಡರೆ ಒಳಗಿನ ಸೋಂಕು ಕಾಣದೆ ಹೋಗುತ್ತದೆ. ಥರ್ಮಾಮೀಟರ್, ಕೊನೆಯ ಕೀಮೋ ತಾರೀಕು ಬರೆದ ಚೀಟಿ, ಫೈಲು ನಂಬರು ಬ್ಯಾಗಿನ ಮುಂದಿನ ಜೇಬಿನಲ್ಲಿರಲಿ. ಲೋಕಲ್ ಬೇಡ, ಟ್ಯಾಕ್ಸಿ ಹಿಡಿಯಿರಿ. ಎಮರ್ಜೆನ್ಸಿಯ ಕಿಟಕಿಯಲ್ಲಿ ‘ಜ್ವರ’ ಎಂದಷ್ಟೇ ಹೇಳಿದರೆ ಸಾಲಿನಲ್ಲಿ ಕೂರಿಸುತ್ತಾರೆ. ‘ಕೀಮೋ ಆಗಿ ಇಷ್ಟು ದಿನ, ಈಗ ಜ್ವರ ಇಷ್ಟು’ ಎಂದು ಹೇಳಿ.